ಬೆವರಿನ ತಂತಿ ಬೇರೆ

ನನ್ನ ಎದೆಯ ಸದ್ದು ಮೂರು ಮನೆಗೆ ಕೇಳುತ್ತದೆ. ನಮ್ಮೂರಿನಲ್ಲಿ ಎಲ್ಲರ ಎದೆಯೂ ಕೇಳುತ್ತದೆ, ಅದೇನು ದೊಡ್ಡ ವಿಷಯವಲ್ಲ. ಆದರೆ ಮರ್ಯಾದಸ್ಥರದ್ದು ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತದೆ. ನನ್ನದು ಹಾಗಲ್ಲ. ನಾನು ಬೀದಿಯ ತುದಿಯಲ್ಲಿ ಕಾಲಿಟ್ಟರೆ ನಮ್ಮಮ್ಮ ಒಳಗೆ ಕಾಫಿಗೆ ನೀರಿಡುತ್ತಿದ್ದಳು. ಚಿಕ್ಕವಳಿದ್ದಾಗ ಕಣ್ಣಾಮುಚ್ಚಾಲೆಗೆ ಯಾರೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ನನ್ನ ಹೆಸರು ಕನ್ನಿಕಾ ಎಂಬುದು ಹಾಜರಿ ಕರೆಯುವವರಿಗೆ ಮಾತ್ರ ನೆನಪು. ಉಳಿದವರಿಗೆಲ್ಲ ನಾನು ನಗಾರಿ.

ಹೀಗೆ ಎದೆ ಹೊರಗಿಟ್ಟುಕೊಂಡು ಬದುಕುವುದು ಏನು ಸುಖವೋ ದೇವರಿಗೇ ಗೊತ್ತು. ನಮ್ಮೂರಿನಲ್ಲಿ ಇಸ್ಪೀಟು ಆಡುವವರಿಲ್ಲ, ಆಡಿ ಏನು ಪ್ರಯೋಜನ? ಒಳ್ಳೆಯ ಎಲೆ ಬಿದ್ದವನ ಎದೆ ಅವನಿಗಿಂತ ಮೊದಲೇ ಕುಣಿಯುತ್ತದೆ. ಹೆಂಗಸರು ರವಿಕೆಯೊಳಗೆ ಹತ್ತಿಯ ಪದರ ಹೊಲಿಸಿಕೊಳ್ಳುತ್ತಾರೆ, ಗಂಡಸರು ಉರಿಬಿಸಿಲಲ್ಲೂ ಕೋಟು ಬಿಚ್ಚುವುದಿಲ್ಲ. ಇನ್ನು ಹೆಣ್ಣು ನೋಡುವ ಶಾಸ್ತ್ರ, ಪಂಚಾಯ್ತಿ, ಪರೀಕ್ಷೆ, ಎದೆ ಬಡಿದುಕೊಳ್ಳುವ ಇಂಥ ಯಾವ ದಿನವಿದ್ದರೂ ಬೆಳಿಗ್ಗೆಯೇ ಎದೆ ತಣ್ಣಗಾಗಿಸುವ ಒಂದು ಮೆತ್ತನೆ ಗುಳಿಗೆ. ಪುಸ್ತಕದಲ್ಲಿ ಅದರ ಹೆಸರು ಪ್ರೊಪ್ರನೊಲಾಲ್. ನುಂಗದ ಮನೆಯಿಲ್ಲ, ನುಂಗಿದೆ ಎಂದು ಒಪ್ಪಿಕೊಂಡ ಮನೆಯೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಊರಿಗೆ ಊರೇ ಕುಡಿಯುತ್ತದೆ.

ನನಗೆ ಆ ಭಾಗ್ಯವೂ ಇಲ್ಲ. ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೆ ಅಮ್ಮ ಬಲವಂತವಾಗಿ ಒಂದು ನುಂಗಿಸಿದ್ದಳು. ಎದೆಯೇನೋ ತಣ್ಣಗಾಯಿತು, ಉಸಿರು ಕಟ್ಟಿತು. ನನಗೆ ಮೊದಲಿಂದಲೂ ಉಬ್ಬಸ. ಆಸ್ಪತ್ರೆಯಲ್ಲಿ ಮೂಗಿಗೆ ಹಬೆ ಹಿಡಿದ ಮೇಲೆಯೇ ಜೀವ ಬಂದದ್ದು. ಅದು ಯಾಕೆ ಹಾಗಾಯಿತು ಎಂದು ನರ್ಸಿಂಗ್ ಕಾಲೇಜಿಗೆ ಸೇರಿದ ಮೇಲೆ ಬೆನೆಡಿಕ್ಟಾ ಮೇಡಂ ಹೇಳಿಕೊಟ್ಟರು. ನಮಗೆ ಮದ್ದುಗಳ ಪಾಠ ಮಾಡುತ್ತಿದ್ದವರು ಅವರು. ಚಾಕ್‌ಪೀಸು ಹಿಡಿದ ಕೈಯಿಂದಲೇ ಮೇಜು ಕುಟ್ಟಿ ಕುಟ್ಟಿ ಹೇಳುವರು.

"ಹೆದರಿಕೆಯಾದಾಗ ಮೈಯೊಳಗೆ ಅಡ್ರಿನಲಿನ್ ಅನ್ನೋನು ಬಂದು ಬಾಗಿಲು ಬಡೀತಾನೆ. ಎದೆ ಬಾಗಿಲು ಬಡಿದರೆ ಎದೆ ಓಡುತ್ತೆ. ಶ್ವಾಸಕೋಶದ ಬಾಗಿಲು ಬಡಿದರೆ ಗಾಳಿ ಕೊಳವೆ ಅಗಲ ಆಗುತ್ತೆ. ನಿಮ್ಮ ಮೆತ್ತನೆ ಗುಳಿಗೆ ಹೋಗಿ ಎರಡಕ್ಕೂ ಚಿಲಕ ಹಾಕುತ್ತೆ. ಎಲ್ಲರಿಗೂ ಎದೆ ನಿಧಾನ. ಉಬ್ಬಸದವರಿಗೆ ಎದೆ ನಿಧಾನ, ಉಸಿರೂ ಬಂದ್. ಕನ್ನಿಕಾ, ನೀನು ಆ ಗುಳಿಗೆ ಕಡೆ ತಿರುಗಿ ನೋಡಿದರೆ ಕಾಲು ಮುರೀತೀನಿ."

ತಿರುಗಿ ನೋಡುವುದೆಲ್ಲಿ ಬಂತು. ಉಬ್ಬಸಕ್ಕೆಂದು ನಾನು ಬಾಯಿಗಿಟ್ಟು ಎಳೆಯುತ್ತಿದ್ದ ಪಂಪಿನಲ್ಲಿದ್ದದ್ದು ಸಾಲ್ಬುಟಮಾಲ್, ಅದು ಅದೇ ಬಾಗಿಲುಗಳನ್ನು ತಾನೇ ಹೋಗಿ ಬಡಿಯುವ ಮದ್ದು. ಉಸಿರು ಸಲೀಸು, ಕೈ ನಡುಕ, ನಗಾರಿ ಇನ್ನೂ ಜೋರು. ಉಸಿರು ಬೇಕೆಂದರೆ ಸದ್ದು, ಸದ್ದು ಬೇಡವೆಂದರೆ ಉಸಿರಿಲ್ಲ. ಎಂಥಾ ಹಣೆಬರಹ ನೋಡಿ.

ನನ್ನ ಜೊತೆ ಓದುವವರೆಲ್ಲ ಮದ್ದನ್ನು ಕಿವಿಯಲ್ಲೇ ಕಲಿಯುತ್ತಿದ್ದರು. ಡಿಜಾಕ್ಸಿನ್ ಕೊಟ್ಟ ಎದೆ ನಿಧಾನವಾಗಿ, ಗಟ್ಟಿಯಾಗಿ ಹೆಜ್ಜೆ ಇಡುತ್ತದೆ. ಅಟ್ರೊಪಿನ್ ಚುಚ್ಚಿದರೆ ಬಾಯಿ ಒಣಗಿ ಎದೆ ಓಟ ಕೀಳುತ್ತದೆ. ಅವರೆಲ್ಲ ದೂರದಲ್ಲಿ ನಿಂತೇ ಹೇಳಿಬಿಡುತ್ತಿದ್ದರು. ನನಗೆ ಅದು ಸಾಧ್ಯವಿರಲಿಲ್ಲ. ನನ್ನ ಗದ್ದಲದ ನಡುವೆ ಇನ್ನೊಬ್ಬರ ಎದೆಯ ಸಣ್ಣ ವ್ಯತ್ಯಾಸ ಎಲ್ಲಿ ಕೇಳಬೇಕು? ಹಾಗಾಗಿ ನಾನು ಹತ್ತಿರ ಹೋಗಿ ಮುಟ್ಟುತ್ತಿದ್ದೆ, ಮುಖ ನೋಡುತ್ತಿದ್ದೆ, ಉಗುರು ನೋಡುತ್ತಿದ್ದೆ. ಗೆಳತಿಯರು ನಗುತ್ತಿದ್ದರು. ಊರಿನವರಿಗಂತೂ ಸದ್ದು ಬದಲಿಸದ ಮದ್ದಿನ ಮೇಲೆ ನಂಬಿಕೆಯೇ ಇರಲಿಲ್ಲ. ವಾರ್ಡಿನ ತಿಮ್ಮಪ್ಪಜ್ಜ ಆಸ್ಪಿರಿನ್ ಕೊಟ್ಟರೆ ದಿಂಬಿನಡಿ ತಳ್ಳಿಬಿಡುತ್ತಿದ್ದ. "ಅದನ್ನ ನುಂಗಿದ್ರೂ ಎದೆ ಅಂಗೇ ಬಡ್ಕೊಳ್ತೈತೆ. ಸದ್ದೇ ಮಾಡ್ದಿದ್ದುಕ್ಕೆ ಮದ್ದು ಅಂತಾರೇನವ್ವಾ?" ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮದ್ದಿಗೆ ಸದ್ದೆಲ್ಲಿಂದ ಬರಬೇಕು ಎಂದು ಹೇಳಿ ಹೇಳಿ ಮೇಡಂಗೆ ಸಾಕಾಗಿತ್ತು.

ಹಾಸ್ಟೆಲ್ಲಿನಲ್ಲಿ ನನ್ನ ಜೊತೆಗಾತಿ ಜಲಜಾಕ್ಷಿ. ನನ್ನ ಸದ್ದಿನ ಪಕ್ಕದಲ್ಲಿ ಮಲಗಲು ಒಪ್ಪಿದ ಒಬ್ಬಳೇ ಅವಳು, ಅದೂ ಕಿವಿಗೆ ಹತ್ತಿ ತುರುಕಿಕೊಂಡು, ಬೈದುಕೊಂಡು. ಅವಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡು ಊಟ ತಡವಾದರೆ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತದೆ. ಆಗ ಅಡ್ರಿನಲಿನ್ ಓಡಿ ಬಂದು ಬಾಗಿಲು ಬಡಿದು ಎದೆ ಅರಚಿಕೊಳ್ಳುತ್ತದೆ. ಹಾಸ್ಟೆಲ್ಲಿಗೆಲ್ಲ ಗೊತ್ತಿದ್ದ ಕ್ರಮ: ಜಲಜಳ ಎದೆ ಓಡಿದರೆ ಯಾರಾದರೂ ಸರಿ, ಅವಳ ಬಾಯಿಗೆ ಬೆಲ್ಲ ಹಾಕಬೇಕು. ಅಡುಗೆಯವರೂ ಸೌಟು ಬಿಟ್ಟು ಓಡಿ ಬರುತ್ತಿದ್ದರು.

"ಆ ಸದ್ದಿದೆ ಅಂತ ಧೈರ್ಯವಾಗಿರಬೇಡಿ," ಎಂದು ಮೇಡಂ ಒಮ್ಮೆ ತರಗತಿಯಲ್ಲಿ ಹೇಳಿದ್ದರು. "ಇನ್ಸುಲಿನ್ ತಗೊಳ್ಳೋರು ಮೆತ್ತನೆ ಗುಳಿಗೇನೂ ತಗೊಂಡರೆ ಸಕ್ಕರೆ ಇಳಿದಾಗ ಎದೆ ಓಡಲ್ಲ, ಕೈ ನಡುಗಲ್ಲ. ಕೂಗೋನ ಬಾಯಿಗೇ ಬಟ್ಟೆ ಕಟ್ಟಿದ ಹಾಗೆ. ಆದರೆ ಬೆವರು ಬರುತ್ತೆ. ಬೆವರಿನ ತಂತಿ ಬೇರೆ, ಆ ಚಿಲಕ ಅದಕ್ಕೆ ತಾಗಲ್ಲ." ಊಟದ ಗಂಟೆ ಹತ್ತಿರವಾಗಿತ್ತು. ಎಲ್ಲರ ಗಮನ ಸಾರಿನ ಒಗ್ಗರಣೆಯ ಕಡೆಗಿತ್ತು, ಜಲಜ ಆಕಳಿಸುತ್ತಿದ್ದಳು.

ಕೊನೆಯ ವರ್ಷದ ವಾರ್ಡ್ ಪರೀಕ್ಷೆಯಲ್ಲಿ ನಮ್ಮೂರಿಗೆ ಮಾತ್ರ ಇರುವ ಒಂದು ನಿಯಮವಿದೆ. ರೋಗಿಯ ಪಕ್ಕ ನಿಂತಾಗ ನರ್ಸಿನ ಎದೆ ಶಾಂತವಾಗಿರಬೇಕು, ಇಲ್ಲದಿದ್ದರೆ ರೋಗಿ ಹೆದರುತ್ತಾನೆ ಎಂದು. ಹಿರಿಯ ಪರೀಕ್ಷಕರು ನರಹರಿ ಸರ್. ಅವರು ಕಣ್ಣು ಮುಚ್ಚಿ ಕೂತು ಕೇಳುತ್ತಾರೆ, ಅಷ್ಟೇ. ಅವರ ಎದೆಯ ಸದ್ದು ಕೇಳಿದವರು ಊರಿನಲ್ಲೇ ಯಾರೂ ಇರಲಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ, ಮಧ್ಯಾಹ್ನ ಊಟವಾದ ಮೇಲೆ ಬೆಳ್ಳಿ ಡಬ್ಬಿಯಿಂದ ಒಂದು ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುವರು. ಋಷಿಯಂಥ ಮನುಷ್ಯ ಎಂದು ಜನ ಕೈ ಮುಗಿಯುತ್ತಿದ್ದರು. ಆ ಋಷಿ ನನ್ನನ್ನು ಎರಡು ಸಲ ಫೇಲು ಮಾಡಿದ್ದರು. ಮೂರನೆಯ ಸಲವೂ ಆದರೆ ಕಾಲೇಜು ಬಿಡಬೇಕು. ಅಮ್ಮ ಆಗಲೇ ಮಾವನ ಹಿಟ್ಟಿನ ಗಿರಣಿಯಲ್ಲಿ ಮಾತಾಡಿಟ್ಟಿದ್ದಳು. "ಬಾರೇ, ಅಲ್ಲಾದ್ರೆ ನಿನ್ನ ಸದ್ದು ಯಾರಿಗೂ ಕೇಳಲ್ಲ," ಎಂದಳು. ಪ್ರೀತಿಯಿಂದಲೇ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಪರೀಕ್ಷೆಯ ದಿನ ಜಲಜ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡಳು. ಇಡ್ಲಿ ಮಾತ್ರ ತಟ್ಟೆಯಲ್ಲೇ ಉಳಿಯಿತು.

"ತಿನ್ನೇ, ಮೊದ್ಲು."

"ಗಂಟಲಲ್ಲಿ ಇಳಿಯಲ್ಲ ಕಣೇ. ನನ್ನದೇ ಮೊದಲನೇ ಸರದಿ. ಮುಗಿಸ್ಕೊಂಡು ಬಂದು ತಿಂತೀನಿ."

ಸರದಿ ಮೊದಲನೆಯದಾಗಲಿಲ್ಲ. ನರಹರಿ ಸರ್ ಬಂದದ್ದೇ ತಡವಾಗಿ, ಅದರ ಮೇಲೆ ಹಾರ, ಭಾಷಣ. ನಾವು ನಮ್ಮ ನಮ್ಮ ಹಾಸಿಗೆಗಳ ಪಕ್ಕ ತಟ್ಟೆ, ಮದ್ದು, ಸೂಜಿ ಜೋಡಿಸಿಕೊಂಡು ಕಂಬಗಳಂತೆ ನಿಂತೆವು. ವಾರ್ಡಿನಲ್ಲಿ ಎಲ್ಲ ಹುಡುಗಿಯರ ಎದೆಯೂ ಗಡಿಯಾರದ ಹಾಗೆ ನಡೆಯುತ್ತಿತ್ತು. ಗುಳಿಗೆ ನುಂಗಿದ್ದಾರೆ ಎಂದು ಕಿವುಡನಿಗೂ ತಿಳಿಯುವಂತಿತ್ತು. ನನ್ನದೊಂದೇ ದಡಬಡ ದಡಬಡ. ನನಗೆ ಕೊಟ್ಟಿದ್ದ ರೋಗಿ ತಿಮ್ಮಪ್ಪಜ್ಜನೇ. ಅವನು ಕಣ್ಣು ಬಿಟ್ಟು, "ಬಂತಪ್ಪ ಮೆರವಣಿಗೆ," ಎಂದ. ಸುಮ್ಮನಿರು ಅಜ್ಜಾ ಎಂದು ಸನ್ನೆ ಮಾಡಿದೆ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅಜ್ಜನಿಗೆ ಡಿಜಾಕ್ಸಿನ್ ಕೊಡಬೇಕಿತ್ತು. ಕೊಡುವ ಮೊದಲು ಪೂರ್ತಿ ಒಂದು ನಿಮಿಷ ಎದೆಬಡಿತ ಎಣಿಸಬೇಕು, ಅರವತ್ತಕ್ಕಿಂತ ಕಡಿಮೆಯಿದ್ದರೆ ಕೊಡದೆ ಡಾಕ್ಟರಿಗೆ ಹೇಳಬೇಕು. ಮೊದಲೇ ನಿಧಾನವಾದ ಎದೆಯನ್ನು ಅದು ಇನ್ನೂ ನಿಧಾನ ಮಾಡುತ್ತದೆ. ನಾನು ಅಜ್ಜನ ಎದೆ ಮೇಲೆ ಅಂಗೈ ಇಟ್ಟು ಎಣಿಸಿದೆ. ಸರಿಯಾಗಿತ್ತು. ಮೂತ್ರ ಹೆಚ್ಚಿಸುವ ಗುಳಿಗೆ ಬೇರೆ ಕೊಡುತ್ತಿದ್ದರಿಂದ ಪೊಟ್ಯಾಸಿಯಂ ಇಳಿದಿರಬಹುದೆಂದು, "ವಾಂತಿ ಬಂದ ಹಾಗಾಗುತ್ತಾ? ಕಣ್ಣಿಗೆ ಹಳದಿ ಹಳದಿ ಕಾಣುತ್ತಾ?" ಎಂದೂ ಪಿಸುಗುಟ್ಟಿದೆ. ಪೊಟ್ಯಾಸಿಯಂ ಇಳಿದರೆ ಡಿಜಾಕ್ಸಿನ್ ವಿಷವಾಗುತ್ತದೆ, ಆಗ ಹಾಗೆಲ್ಲ ಆಗುತ್ತದೆ. "ನೀನು ಬೆಳ್ಳಗೇ ಕಾಣ್ತೀಯವ್ವ, ಹೆದ್ರಿಕೆಗೆ," ಎಂದ ಅಜ್ಜ.

ನರಹರಿ ಸರ್ ಕೊನೆಗೂ ನಮ್ಮ ಎರಡು ಹಾಸಿಗೆಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು ಕಣ್ಣು ಮುಚ್ಚಿದರು. ನನ್ನ ಕಡೆಗೆ ಮುಖ ಸಿಂಡರಿಸಿ ಜಲಜಳ ಕಡೆ ಕಿವಿ ತಿರುಗಿಸಿದರು. ಲಬ್... ಡಬ್. ಲಬ್... ಡಬ್. ಅವಳ ಎದೆ ಅಷ್ಟು ತಣ್ಣಗಿದ್ದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

"ಆಹಾ," ಎಂದರು ಸರ್. "ಎಲ್ಲರೂ ಕೇಳಿಸಿಕೊಳ್ಳಿ. ನರ್ಸಿನ ಎದೆ ಅಂದರೆ ಇದು. ಹೇಳಮ್ಮಾ, ಡಿಜಾಕ್ಸಿನ್ ಯಾವಾಗ ಕೊಡಬಾರದು?"

ಜಲಜ, "ಇಡ್ಲಿ," ಎಂದಳು.

ಸರ್ ತಾವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡರೋ ಏನೋ, ಕಣ್ಣು ಬಿಡದೆಯೇ ತಲೆದೂಗುತ್ತಿದ್ದರು. ನಾನು ತಿರುಗಿ ನೋಡಿದೆ. ಅವಳ ಕೊರಳಪಟ್ಟಿ ತೊಯ್ದು ಅಂಟಿಕೊಂಡಿತ್ತು. ಗದ್ದದಿಂದ ಒಂದು ಹನಿ ತಟ್ಟೆಯ ಮೇಲೆ ಬಿತ್ತು, ಅದರ ಹಿಂದೆಯೇ ಇನ್ನೊಂದು. ಫ್ಯಾನು ತಲೆಯ ಮೇಲೇ ತಿರುಗುತ್ತಿತ್ತು. ತುಟಿ ಬಿಳಿಚಿತ್ತು. ಕೈಯಲ್ಲಿದ್ದ ಮದ್ದಿನ ಚೀಟಿಯನ್ನು ತಲೆಕೆಳಗಾಗಿ ಹಿಡಿದುಕೊಂಡು ಅದನ್ನೇ ನೋಡಿ ನಗುತ್ತಿದ್ದಳು. ಇನ್ಸುಲಿನ್, ತಟ್ಟೆಯಲ್ಲುಳಿದ ಇಡ್ಲಿ, ಗುಳಿಗೆ. ಬೆವರಿನ ತಂತಿ ಬೇರೆ. ಅಯ್ಯೋ ದೇವರೇ, ಎಂದುಕೊಂಡೆ. ಜಾಗ ಬಿಟ್ಟರೆ ಫೇಲು, ಬಾಯಿ ಬಿಟ್ಟರೂ ಫೇಲು. ಗಿರಣಿಯ ಬೆಲ್ಟು ಕಣ್ಣ ಮುಂದೆ ಒಂದು ಸುತ್ತು ತಿರುಗಿತು. ಅಷ್ಟರಲ್ಲಿ ನನ್ನ ಕಾಲು ಆಗಲೇ ಓಡಿತ್ತು.

"ಮೇಡಂ! ಜಲಜಂಗೆ ಸಕ್ಕರೆ ಇಳಿದಿದೆ!"

ವಾರ್ಡ್ ಬೆಚ್ಚಿಬಿತ್ತು. ನರಹರಿ ಸರ್ ಕಣ್ಣು ತೆರೆದದ್ದು ನನ್ನನ್ನು ಗದರಲು. "ಯಾರಮ್ಮಾ ನಿನಗೆ ಜಾಗ ಬಿಡೋಕೆ ಹೇಳಿದ್ದು? ಸಕ್ಕರೆ ಇಳಿದರೆ ಎದೆ ಓಡುತ್ತೆ, ಮೊದಲನೇ ವರ್ಷದ ಪಾಠ. ಅವಳ ಎದೆ ಕೇಳು!"

ಎಲ್ಲರೂ ಕೇಳಿದರು. ಲಬ್... ಡಬ್. ಕೂಗಿಗೆ ಪಕ್ಕದ ಹಾಸ್ಟೆಲ್ಲಿನ ಅಡುಗೆಯವರೂ ಬಾಗಿಲಿಗೆ ಬಂದು, ಅವಳ ಎದೆ ಕೇಳಿ, ಏನೂ ಆಗಿಲ್ಲವೆಂದು ನಿಂತುಬಿಟ್ಟರು. ನಾನು ತಟ್ಟೆಯಲ್ಲಿದ್ದ ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ ಅವಳ ತುಟಿಗೆ ಹಿಡಿದರೆ ಜಲಜಳೇ ನನ್ನ ಕೈ ತಳ್ಳಿದಳು. "ಹೋಗೇ! ಹೊಟ್ಟೆಕಿಚ್ಚಿನವಳೇ. ನಂಗೇನಾಗಿದೆ? ನನ್ನ ಎದೆ ಕೇಳು!" ಲೋಟ ಉರುಳಿ ನೀರೆಲ್ಲ ಚೆಲ್ಲಿತು. ಒಂದು ಕ್ಷಣ ನನಗೂ ಅನುಮಾನ ಬಂತು. ಇಷ್ಟು ಜನರ ಕಿವಿ ಸುಳ್ಳಾಗುತ್ತದೆಯೇ? ಮುಟ್ಟಿ ನೋಡಿದೆ. ಅವಳ ಕೈ ತೊಳೆದ ಪಾತ್ರೆಯ ಹಾಗೆ ತಣ್ಣಗೆ, ಒದ್ದೆಯಾಗಿತ್ತು. ಆ ಕೈ ನನ್ನ ಕೈಯೊಳಗೇ ಸಡಿಲವಾಯಿತು, ಅವಳು ನನ್ನ ಮೇಲೆ ಕುಸಿದಳು.

ಬೆನೆಡಿಕ್ಟಾ ಮೇಡಂ ವಾರ್ಡಿನ ಆ ತುದಿಯಿಂದ ಓಡಿ ಬಂದರು. ಬೆರಳು ಚುಚ್ಚಿ ಯಂತ್ರಕ್ಕೆ ಹನಿ ಹಾಕಿ ನೋಡಿದವರೇ, "ಪೂರ್ತಿ ಇಳಿದಿದೆ. ಇನ್ನು ಬಾಯಿಗೆ ಏನೂ ಹಾಕಬೇಡ, ಎಚ್ಚರ ಇಲ್ಲದೋಳಿಗೆ ನೆತ್ತಿಗೇರುತ್ತೆ. ನಾನು ಡೆಕ್ಸ್‌ಟ್ರೋಸ್ ಎಳೀತೀನಿ. ನೀನು ನರ ಹಿಡಿ," ಎಂದರು.

"ನಾನಾ?"

"ಮತ್ತೆ ನಾನು ಯಾರ ಹತ್ತಿರ ಮಾತಾಡ್ತಿದ್ದೀನಿ?"

ಕೈಗೆ ಪಟ್ಟಿ ಬಿಗಿದೆ. ನನ್ನ ಎದೆ ಹೊಡೆದುಕೊಳ್ಳುತ್ತಿದ್ದ ರಭಸಕ್ಕೆ ತಟ್ಟೆಯ ಚಮಚಗಳು ಗಲಗಲ ಎನ್ನುತ್ತಿದ್ದವು. ಎಲ್ಲರಿಗೂ ಕೇಳಲಿ, ಹಾಳಾಗಿ ಹೋಗಲಿ ಎಂದುಕೊಂಡು ಬೆರಳಿನಿಂದ ನರ ಹುಡುಕಿದೆ. ಬೆವರಿನಲ್ಲಿ ಜಾರುತ್ತಿತ್ತು, ಒರೆಸಿ ಮತ್ತೆ ಹುಡುಕಿದೆ, ಸಿಕ್ಕಿತು. ಸೂಜಿಯ ಬುಡದಲ್ಲಿ ರಕ್ತ ಕಾಣಿಸಿತು. ಮೇಡಂ ನಿಧಾನವಾಗಿ ಆ ಸಕ್ಕರೆ ಮದ್ದು ಒಳಗೆ ಬಿಟ್ಟರು. ಜಲಜಳ ಎದೆ ಆಗಲೂ ಅದೇ ಲಬ್... ಡಬ್. ಹೋಗುವಾಗಲೂ ಅದು ಹೇಳಲಿಲ್ಲ, ಬರುವಾಗಲೂ ಹೇಳಲಿಲ್ಲ. ನಾನು ಅವಳ ಹಣೆಯನ್ನೇ ನೋಡುತ್ತಾ ಕೂತೆ. ಮೊದಲು ಬೆವರು ನಿಂತಿತು, ಆಮೇಲೆ ತುಟಿಗೆ ಬಣ್ಣ ಬಂತು, ಆಮೇಲೆ ಕಣ್ಣು ಬಿಟ್ಟಳು.

"ಯಾಕೇ ನನ್ನ ಮೇಲೆ ಹತ್ತಿ ಕೂತಿದ್ದೀಯ? ಎದ್ದೇಳೇ, ದಪ್ಪಮ್ಮ."

ನಾನು ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ.

ನರಹರಿ ಸರ್ ಇಷ್ಟೆಲ್ಲ ಆದರೂ ತಣ್ಣಗೆ ನಿಂತಿದ್ದರು. "ಪ್ರಾಣ ಉಳಿಯಿತು, ಸಂತೋಷ," ಎಂದರು. "ಆದರೆ ಪರೀಕ್ಷೆಯಲ್ಲಿ ಈ ಹುಡುಗಿ ಜಾಗ ಬಿಟ್ಟಳು, ಕೂಗಿದಳು, ಎದೆಯಂತೂ ಬಿಡಿ. ನಿಯಮ ಅಂದರೆ ನಿಯಮ. ಕನ್ನಿಕಾ ಫೇಲು." ಮೇಡಂ ಜಗಳಕ್ಕೇ ನಿಂತರು. ಆ ಜಗಳ ಪ್ರಿನ್ಸಿಪಾಲರ ಕೋಣೆಗೆ ಹೋಯಿತು, ಊಟದ ಹೊತ್ತು ಮೀರಿತು, ಸರ್‌ಗೆಂದು ತಂದ ಊಟದೆಲೆ ಹಾಗೇ ಒಣಗಿತು. ನಾನು ಹಾಸ್ಟೆಲ್ಲಿಗೆ ಹೋಗಿ ಟ್ರಂಕು ಮುಂದಕ್ಕೆಳೆದು ಬಟ್ಟೆ ತುಂಬತೊಡಗಿದೆ. ಇಳಿಹೊತ್ತಿಗೆ ಜಲಜ ಬಂದಳು. ಮೇಡಂ ಹೇಳಿ ಹೋಗಿದ್ದಂತೆ ವಾರ್ಡಿನ ನರ್ಸುಗಳು ಹೊಟ್ಟೆ ತುಂಬ ಉಣ್ಣಿಸಿ, ಸಕ್ಕರೆ ಮತ್ತೆ ಮತ್ತೆ ಪರೀಕ್ಷಿಸಿ ಆಮೇಲೆ ಬಿಟ್ಟಿದ್ದರು.

"ಬಾ," ಎಂದಳು.

"ಎಲ್ಲಿಗೆ?"

"ಬಾ ಅಂದ್ರೆ ಬಾರೇ."

ಪ್ರಿನ್ಸಿಪಾಲರ ಕೋಣೆಯಲ್ಲಿ ಪ್ರಿನ್ಸಿಪಾಲರು ಸಾಕಾಗಿ ಎದ್ದು ಹೋಗಿದ್ದರು. ಮೇಡಂ, ನರಹರಿ ಸರ್ ಇಬ್ಬರೇ ಎದುರುಬದುರು ಕೂತಿದ್ದರು. ಜಲಜ ನೇರ ಹೋಗಿ ಮೇಜಿನ ಮುಂದೆ ನಿಂತಳು. "ಸಾರ್, ಬೆಳಿಗ್ಗೆ ನೀವು ಹೊಗಳಿದ್ದು ನನ್ನ ಎದೇನ ಅಲ್ಲ. ಗುಳಿಗೇನ. ನಾನು ಗುಳಿಗೆ ನುಂಗಿ ಬಂದಿದ್ದೆ." ನಮ್ಮೂರಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಸಾಯ್ತಿದ್ದೆ. ಇವಳು ನೋಡಿದ್ಲು."

ನರಹರಿ ಸರ್ ದಡಕ್ಕನೆ ಎದ್ದರು. "ಗುಳಿಗೆ ನುಂಗಿ ಪರೀಕ್ಷೆಗೆ ಬರೋದಾ! ನಾಚಿಕೆ ಆಗಲ್ವಾ? ಎದೆ ಅನ್ನೋದು—"

ಢಮ ಢಮ ಢಮ ಢಮ.

ನಾನು ಹೌಹಾರಿ ನನ್ನ ಎದೆ ಒತ್ತಿಕೊಂಡೆ. ಇದೇನು ಇವತ್ತು ಮಿತಿಮೀರಿತಲ್ಲ ಎಂದು. ಆದರೆ ಅಂಗೈ ಕೆಳಗಿನ ತಾಳ ಬೇರೆ, ಕಿವಿಗೆ ಬೀಳುತ್ತಿದ್ದ ತಾಳ ಬೇರೆ. ಜಲಜ ಬಾಯಿ ತೆರೆದು ನಿಂತಿದ್ದಳು. ಮೇಜಿನ ಮೇಲಿನ ನೀರಿನ ಲೋಟ ನಡುಗುತ್ತಿತ್ತು. ನರಹರಿ ಸರ್ ಮೇಜಿನಂಚು ಹಿಡಿದುಕೊಂಡಿದ್ದರು. ಮುಖದಲ್ಲಿ ಬೆವರು, ಕಣ್ಣಿನಲ್ಲಿ ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಭಯ. ನಗಾರಿ ಎಂದರೆ ಅದು. ನನ್ನದು ಅದರ ಮುಂದೆ ಏನೇನೂ ಅಲ್ಲ.

ಬೆನೆಡಿಕ್ಟಾ ಮೇಡಂ ಮೆಲ್ಲಗೆ ಕೇಳಿದರು, "ಮಧ್ಯಾಹ್ನದ ಏಲಕ್ಕಿ ತಪ್ಪಿತಾ, ಸಾರ್?"

ಬೆಳ್ಳಿ ಡಬ್ಬಿಯಲ್ಲಿದ್ದದ್ದು ಏನೆಂದು ಆಗ ಗೊತ್ತಾಯಿತು. ನನಗೆ ನಗು ಬರಬೇಕಿತ್ತು, ಎರಡು ಸಲ ಫೇಲು ಮಾಡಿದ ಮನುಷ್ಯ. ಬರಲಿಲ್ಲ. ಆ ಸದ್ದು ಹೊತ್ತು ನಿಲ್ಲುವುದು ಎಷ್ಟು ಕಷ್ಟವೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ಹೋಗಿ ಅವರ ತೋಳು ಹಿಡಿದೆ. "ಕೂತ್ಕೊಳ್ಳಿ ಸಾರ್. ಎದೆನೋವು ಇದೆಯಾ? ಉಸಿರು ಕಟ್ಟುತ್ತಾ?" ಇಲ್ಲವೆಂದು ತಲೆಯಾಡಿಸಿದರು. ಮಣಿಕಟ್ಟು ಹಿಡಿದು ಎಣಿಸಿದೆ, ಕುದುರೆ ಓಟ. ಮೇಡಂ ಬಿ.ಪಿ. ನೋಡುತ್ತ ಬೈದರು: "ದಿನಾ ತಗೊಳ್ಳೋದನ್ನ ಹೀಗೆ ದಿಢೀರ್ ತಪ್ಪಿಸಬಾರದು ಅಂತ ನಿಮಗೆ ನಾನು ಪಾಠ ಮಾಡಬೇಕಾ? ಇಷ್ಟು ದಿನ ಚಿಲಕ ಹಾಕಿಟ್ಟ ಬಾಗಿಲು, ತೆಗೆದ ತಕ್ಷಣ ಎಲ್ಲಾ ಒಟ್ಟಿಗೆ ನುಗ್ಗುತ್ತೆ. ಬಿಡಬೇಕಾದರೂ ಡಾಕ್ಟರನ್ನ ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು." ಡಾಕ್ಟರಿಗೆ ಹೇಳಿಕಳಿಸಿ, ಅವರ ಮಾತಿನಂತೆ ತಪ್ಪಿದ ಗುಳಿಗೆ ಕೊಟ್ಟರು.

ನಾನು ಮಣಿಕಟ್ಟು ಬಿಟ್ಟಿರಲಿಲ್ಲ. ಸರ್ ತುಂಬಾ ಹೊತ್ತು ತಮ್ಮ ಸದ್ದನ್ನೇ ಕೇಳುತ್ತ ಕೂತಿದ್ದರು. "ಕೆಲಸಕ್ಕೆ ಸೇರಿದ ದಿನ ಶುರು ಮಾಡಿದ್ದು," ಎಂದರು. "ನನ್ನದು ಹೀಗಿದೆ ಅನ್ನೋದೇ ಮರೆತುಹೋಗಿತ್ತು." ಆಮೇಲೆ ನನ್ನ ಕಡೆ ನೋಡದೆ, "ನೀವಿಬ್ಬರೂ ನಾಳೆ ಬೆಳಿಗ್ಗೆ ಮತ್ತೆ ವಾರ್ಡಿಗೆ ಬನ್ನಿ. ತಿಂಡಿ ತಿಂದು ಬನ್ನಿ," ಎಂದರು.

ಮರುದಿನ ಜಲಜ ಇಡ್ಲಿಯ ಮೇಲೆ ಇಡ್ಲಿ ತಿಂದಳು. ಗುಳಿಗೆ ಮುಟ್ಟಲಿಲ್ಲ. ಅವಳ ಎದೆ ಮೊಲದ ಹಾಗೆ ಓಡುತ್ತಿತ್ತು, ಪಕ್ಕದಲ್ಲಿ ನನ್ನ ನಗಾರಿ. ವಾರ್ಡಿನವರೆಲ್ಲ ಎದ್ದು ಕೂತರು. "ಇವತ್ತು ಜೋಡಿ ಮೆರವಣಿಗೆ," ಎಂದ ತಿಮ್ಮಪ್ಪಜ್ಜ. ನಾನು ಅವನ ಎದೆಯ ಮೇಲೆ ಕೈಯಿಟ್ಟು ಎಣಿಸಿದೆ, ಡಿಜಾಕ್ಸಿನ್ ಕೊಟ್ಟೆ, ಆಸ್ಪಿರಿನ್ ನನ್ನ ಮುಂದೆಯೇ ನುಂಗಿಸಿ ಬಾಯಿ ತೆರೆಸಿ ನೋಡಿದೆ.

ನರಹರಿ ಸರ್ ಅದೇ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಮುಚ್ಚಿರಲಿಲ್ಲ.

"ಹೆದರಿಕೆ ಆಗ್ತಿದೆಯೇನಮ್ಮಾ?"

"ಆಗ್ತಿದೆ ಸಾರ್. ಕೇಳ್ತಾ ಇಲ್ವಾ?"

"ಕೇಳ್ತಿದೆ," ಎಂದರು ಅವರು. "ಮುಂದಿನ ರೋಗೀನ ನೋಡು."